ಆಚೆ ದಂಡೆಯಲ್ಲಿ ನೀಲಕ್ಕನ ದನಿ

ನಮ್ಮೂರಿನ ಸೇತುವೆ ದಾಟುವಾಗ ಕಟ್ಟಿದ್ದೆಲ್ಲ ಬಿಚ್ಚಿಕೊಳ್ಳುತ್ತದೆ. ಅಂಗಿ ತೊಟ್ಟು ಹೊರಟರೆ ಆಚೆ ತಲುಪುವಷ್ಟರಲ್ಲಿ ತೋಳು ಬೇರೆ, ಕಾಲರ್ ಬೇರೆ, ಗುಂಡಿ ಬೇರೆ. ಕುರ್ಚಿ ಹೊತ್ತು ಹೋದವನ ಕೈಯಲ್ಲಿ ನಾಲ್ಕು ಕಾಲು, ಒಂದು ಹಲಗೆ, ಒಂದು ಮುಷ್ಟಿ ಮೊಳೆ ಉಳಿಯುತ್ತವೆ. ದೋಸೆ ಹಿಟ್ಟು ಒಯ್ದರೆ ಅಕ್ಕಿ ಒಂದು ಕಡೆ, ಉದ್ದು ಒಂದು ಕಡೆ. ಹೆಂಗಸರ ಜಡೆ ನಡುದಾರಿಯಲ್ಲೇ ಬಿಚ್ಚಿಹೋಗಿ, ಎಲ್ಲರೂ ಕೂದಲು ಕೆದರಿಕೊಂಡೇ ಆಚೆ ಇಳಿಯಬೇಕು. ನೇಯ್ದದ್ದು ಬಿಚ್ಚೋದಿಲ್ಲ, ಗಂಟು ಹಾಕಿದ್ದೂ ಬಿಚ್ಚೋದಿಲ್ಲ. ಹಾಗಾಗಿ ಸೀರೆ, ಧೋತರ ಉಟ್ಟವರ ಮಾನ ಉಳಿದಿದೆ. ಊರಿಗೆ ಹೊಸದಾಗಿ ಬಂದವರು ಜಾಣತನ ತೋರಿಸುತ್ತಾರೆ, ಹಾಗಾದರೆ ಸೇತುವೆಯೂ ಕಟ್ಟಿದ್ದೇ ಅಲ್ಲವೇ, ಅದ್ಯಾಕೆ ಬೀಳೋದಿಲ್ಲ ಅಂತ. ಅದು ತನ್ನನ್ನು ತಾನು ದಾಟಿ ಹೋಗೋದಿಲ್ಲವಲ್ಲ ಅಣ್ಣಾ, ಅಂದುಬಿಡುತ್ತೇವೆ.

ನಾನು ದಾಕ್ಷಾಯಣಿ. ಕಂಪ್ಯೂಟರಿಗೆ ಪ್ರೋಗ್ರಾಮ್ ಬರೆಯೋದು ನನ್ನ ಕೆಲಸ. ಪ್ರೋಗ್ರಾಮ್ ಕೂಡ ಕಟ್ಟಿದ್ದೇ. ಸೇತುವೆಯ ಕೆಳಗೆ ಎಳೆದಿರುವ ತಂತಿಯಲ್ಲಿ ಕಳಿಸಿದರೂ ಬಿಡೋದಿಲ್ಲ, ಆಚೆ ತಲುಪಿದಾಗ ಬರೀ ಬರೆದ ಸಾಲುಗಳಾಗಿ ಬಿದ್ದಿರುತ್ತದೆ. ಅದನ್ನು ಅಲ್ಲಿನ ಕಂಪ್ಯೂಟರಿನಲ್ಲಿ ಮತ್ತೆ ಕಟ್ಟಿಕೊಳ್ಳಬೇಕು. ಏನೇನು ಸಾಮಾನು ಬೇಕು, ಯಾವುದು ಮೊದಲು, ಯಾವುದು ಆಮೇಲೆ, ಎಲ್ಲಿ ಏನು ಸಿಗುತ್ತದೆ ಅಂತ ಹೇಳುವ ಒಂದು ಫೈಲನ್ನು ಜೊತೆಗೆ ಕಳಿಸುತ್ತೇವೆ. ಅದಕ್ಕೆ ಬಿಲ್ಡ್ ಫೈಲ್ ಅಂತ ಹೆಸರು. ಈಚೆ ದಂಡೆಯ ಕಂಪ್ಯೂಟರುಗಳ ತಳಿಯೇ ಬೇರೆ, ಆಚೆಯವರದು ಬೇರೆ. ಒಂದೇ ಫೈಲು ಎರಡೂ ಕಡೆ ನಡೆಯಬೇಕು. ನಾನು ಬರೆದದ್ದು ನಡೆಯುತ್ತದೆ, ಬೇಕಾದರೆ ಯಾರನ್ನಾದರೂ ಕೇಳಿ. ದಾಕ್ಷಿಗೆ ಜಂಬ ಜಾಸ್ತಿ ಅಂತಲೂ ಹೇಳುತ್ತಾರೆ. ಹೇಳಲಿ, ಕೆಲಸ ಬಂದವರಿಗೆ ಇರಬೇಕಾದಷ್ಟೇ ಇದೆ.

ಪಕ್ಕದ ಮನೆ ನೀಲಗಂಗಕ್ಕನದು. ನಡುವೆ ಒಂದೇ ಗೋಡೆ. ನೀಲಕ್ಕ ಸೇತುವೆ ಕಚೇರಿಯಲ್ಲಿ ಮೈಕಿನಲ್ಲಿ ಹೇಳುವ ಕೆಲಸದಲ್ಲಿದ್ದವರು. "ಸೇತುವೆ ದಾಟುವವರ ಗಮನಕ್ಕೆ. ಗುಂಡಿ ಬಿಚ್ಚಿರಿ. ಹೊಲಿದ ಬಟ್ಟೆ ತೆಗೆದು ಗಂಟು ಕಟ್ಟಿಕೊಳ್ಳಿರಿ. ಕನ್ನಡಕ ಕೈಯಲ್ಲಿರಲಿ." ಗದರುವಾಗಲೂ ಊಟಕ್ಕೆ ಕರೆದಂತಿರುವ ದನಿ. ಈಗಲೂ ಸೇತುವೆ ತೆರೆಯುವ ಹೊತ್ತಿಗೆ ನಮ್ಮ ದಂಡೆಯ ಪ್ರತಿ ಮನೆಯ ಕಂಪ್ಯೂಟರೂ ಅದನ್ನೇ ನುಡಿಯುತ್ತದೆ. ಕಚೇರಿಯವರು ಎಲ್ಲರಿಗೂ ಪುಕ್ಕಟೆ ಹಾಕಿಕೊಟ್ಟ ಪ್ರೋಗ್ರಾಮ್ ಅದು. ಆ ದನಿ ಕಿವಿಗೆ ಬಿದ್ದರೆ ಸಾಕು, ಈಚೆ ದಂಡೆಯಲ್ಲಿ ಬೆಳೆದವರ ಕೈ ತಾನಾಗೇ ಎದೆಯ ಗುಂಡಿಗೆ ಹೋಗುತ್ತದೆ. ಊಟಕ್ಕೆ ಕೂತವರಿರಲಿ, ಜಗಳಕ್ಕೆ ನಿಂತವರಿರಲಿ, ಮೇಲಿನ ಒಂದು ಗುಂಡಿ ಬಿಚ್ಚಿ, ಆಮೇಲೆ ಎಚ್ಚರಾಗಿ ಮತ್ತೆ ಹಾಕಿಕೊಳ್ಳುತ್ತಾರೆ. ಆಚೆ ದಂಡೆಯಲ್ಲಿ ಈ ತಾಪತ್ರಯ ಇಲ್ಲ, ಅಲ್ಲಿ ಬರೀ ಗಂಟೆ ಬಾರಿಸುತ್ತಾರೆ.

ಹೋದ ವರ್ಷ ನೀಲಕ್ಕನ ಗಂಟಲಿಗೆ ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಹೋಯಿತು. ನನಗೆ ತಡೆಯಲಾಗಲಿಲ್ಲ. ಕಚೇರಿಯಲ್ಲಿದ್ದ ಅವರ ಹಳೆಯ ರೆಕಾರ್ಡಿಂಗುಗಳನ್ನೆಲ್ಲ ತಂದು, ಒಂದೊಂದೇ ಸದ್ದು ಬಿಡಿಸಿ, ಕೀಲಿಮಣೆಯಲ್ಲಿ ಬರೆದದ್ದನ್ನು ಅವರ ದನಿಯಲ್ಲೇ ಆಡುವ ಪ್ರೋಗ್ರಾಮ್ ಮಾಡಿಕೊಟ್ಟೆ. ಮೊದಲ ಮಾತು ಏನು ಆಡಿಸುತ್ತಾರೋ ಅಂತ ಕಣ್ಣು ಒದ್ದೆ ಮಾಡಿಕೊಂಡು ಕೂತಿದ್ದೆ. "ದಾಕ್ಷಿ, ನಿನ್ನ ಚಹಾ ಭಾಳ ಕೆಟ್ಟದ್ದು" ಅಂತ ಬಂತು. ದನಿ ಇದ್ದಾಗ ಹೇಳೋಕೆ ಸಂಕೋಚವಾಗುತ್ತಿತ್ತಂತೆ.

ನೀಲಕ್ಕನಿಗೆ ಇರೋದು ಒಬ್ಬನೇ ತಮ್ಮ, ಮುರಿಗೆಪ್ಪ. ತಂದೆ ತಾಯಿ ಬೇಗ ಹೋದರು, ಅವನನ್ನು ಈಚೆ ದಂಡೆಯಲ್ಲೇ ಎತ್ತಿ ಆಡಿಸಿ ಬೆಳೆಸಿದ್ದು ಇವರೇ. ಅವನೀಗ ಆಚೆ ದಂಡೆಯಲ್ಲಿ, ಸೇತುವೆ ಇಳಿದ ಕೂಡಲೇ ಇರುವ ಸಾಲಿನಲ್ಲಿ ದರ್ಜಿ. ದಾಟಿ ಬಂದವರ ಅಂಗಿಗಳನ್ನು ಮತ್ತೆ ಹೊಲಿದುಕೊಡುತ್ತಾನೆ, ಸೇತುವೆ ಇರುವ ತನಕ ಅವನಿಗೆ ಕೆಲಸಕ್ಕೆ ಬರವಿಲ್ಲ. ಮದುವೆಯಾಗಿ ಎಷ್ಟೋ ವರ್ಷ ಮಕ್ಕಳಾಗಿರಲಿಲ್ಲ. ಈಗ ಒಂದು ಹೆಣ್ಣು ಕೂಸು ಹುಟ್ಟಿತು. ನಮ್ಮಲ್ಲಿ ಕೂಸಿಗೆ ಹೆಸರಿಡೋದು ಸೋದರತ್ತೆ. ಅವಳು ತೊಟ್ಟಿಲ ಮೇಲೆ ಬಗ್ಗಿ ಕಿವಿಯಲ್ಲಿ ಹೆಸರು ಹೇಳುತ್ತಾಳೆ, ಉಳಿದ ಹೆಂಗಸರು ಕುರ್ರ್ ಅನ್ನುತ್ತ ಅವಳ ಬೆನ್ನಿಗೆ ಗುದ್ದುತ್ತಾರೆ. ಗುದ್ದು ಜೋರಾದಷ್ಟೂ ಕೂಸಿಗೆ ಒಳ್ಳೆಯದು ಅಂತ ಹೇಳಿ ಹಳೆಯ ಸಿಟ್ಟನ್ನೆಲ್ಲ ತೀರಿಸಿಕೊಳ್ಳುವವರೂ ಇದ್ದಾರೆ.

ಆಪರೇಷನ್ ಆದಮೇಲೆ ನೀಲಕ್ಕ ಸೇತುವೆ ದಾಟಿರಲಿಲ್ಲ. ಆಚೆ ಹೋದರೆ ಮೂಕಿಯಾಗಿ ಕೂರಬೇಕು, ಅದು ಅವರಿಗೆ ಆಗದ ಮಾತು. ನನ್ನನ್ನು ಕರೆದು ಕಂಪ್ಯೂಟರಿನಲ್ಲಿ ಆಡಿಸಿದರು: "ನನ್ನ ದನಿ ಆ ದಂಡಿಗೆ ಬರೂದಾದ್ರ ನಾನೂ ಹೋಗ್ತೀನಿ. ಇಲ್ಲಂದ್ರ ಬ್ಯಾರೆ ಯಾರರ ಹೆಸರಿಡಲಿ."

"ಅದೇನ್ ದೊಡ್ಡ ಮಾತ್ರೀ ನೀಲಕ್ಕಾ," ಅಂದೆ. "ಅಲ್ಲಿ ಕಟ್ಟಿದ್ರ ಆತು." ನೋಡಿ, ನಾನು ಹೀಗೆ.

ಮುರಿಗೆಪ್ಪನ ಮನೆಯಲ್ಲೊಂದು ಕಂಪ್ಯೂಟರಿದೆ. ತಂತಿಯಲ್ಲಿ ಪ್ರೋಗ್ರಾಮಿನ ಸಾಲುಗಳನ್ನೂ ರೆಕಾರ್ಡಿಂಗುಗಳನ್ನೂ ಬಿಲ್ಡ್ ಫೈಲನ್ನೂ ಕಳಿಸಿ, ಅವನಿಗೆ ಫೋನಿನಲ್ಲೇ ಹೇಳಿಕೊಟ್ಟು ಕಟ್ಟಿಸಿದೆ. ಮೊದಲ ಸಲ ತಪ್ಪು ತೋರಿಸುವ ಕೆಂಪು ಅಕ್ಷರ ಬಂದು ನಿಂತುಬಿಟ್ಟಿತು. "ದಾಕ್ಷಕ್ಕಾ, ಇದು ನಿಮ್ಮ ಅಟ್ಟಾ ಹುಡುಕಾಕತ್ತೇತಿ," ಅಂದ ಮುರಿಗೆಪ್ಪ. ಅಟ್ಟ ಅನ್ನೋದು ನನ್ನ ಕಂಪ್ಯೂಟರಿನಲ್ಲಿ ನಾನು ರೆಕಾರ್ಡಿಂಗ್ ಇಟ್ಟಿರುವ ಫೋಲ್ಡರಿನ ಹೆಸರು. ಅದರ ಪೂರ್ತಿ ವಿಳಾಸವನ್ನು ಫೈಲಿನಲ್ಲಿ ಹಾಗೇ ಬರೆದುಬಿಟ್ಟಿದ್ದೆ. ಮುರಿಗೆಪ್ಪನ ಮನೆಯಲ್ಲಿ ನನ್ನ ಅಟ್ಟ ಎಲ್ಲಿಂದ ಬರಬೇಕು? ಪ್ರೋಗ್ರಾಮ್ ಎಲ್ಲಿದೆಯೋ ಅದರ ಪಕ್ಕದಲ್ಲೇ ನೋಡು ಅಂತ ತಿದ್ದಿ ಕಳಿಸಿದೆ. ಈ ಸಲ ಸರಾಗವಾಗಿ ಕಟ್ಟಿಕೊಂಡಿತು. ಒಂದೇ ಒಂದು ಕೆಂಪು ಅಕ್ಷರ ಇಲ್ಲಕ್ಕಾ ಅಂದ. ಮಾತಾಡುತ್ತಾ ಅಂತ ಕೇಳಿದೆ. ಸ್ಪೀಕರ್ ಇನ್ನೂ ತಂದಿಲ್ಲ, ಹೆಸರಿಡುವ ದಿನ ಹಾಡಿಗೆ ಹೇಗೂ ದೊಡ್ಡದು ಬಾಡಿಗೆಗೆ ತರಬೇಕು, ಆಗ ನೋಡೋಣ ಅಂದ. ನಾನೂ ಹೂಂ ಅಂದೆ. ಕೆಂಪು ಅಕ್ಷರ ಇಲ್ಲ ಅಂದಮೇಲೆ ಇನ್ನೇನು.

ಅದೇ ತಂತಿಯಲ್ಲಿ ನೀಲಕ್ಕ ಇನ್ನೊಂದು ಕಳಿಸಿದರು, ಮುರಿಗೆಪ್ಪನ ಹೆಂಡತಿ ಶಶಿಕಲಾಗೆ ಕಟ್ಟಿನ ಸಾರು ಮಾಡುವ ಬಗೆ. ತಮ್ಮನಿಗೆ ಅಕ್ಕನ ಕೈಯ ಸಾರೇ ಬೇಕಂತೆ, ಮಾಡಿ ಒಯ್ದರೆ ಸೇತುವೆ ಮೇಲೆ ಬೇಳೆಯ ಕಟ್ಟು ಬೇರೆ, ಖಾರ ಬೇರೆ, ಹುಣಸೆ ಬೇರೆ ಆಗುತ್ತದೆ. ಈ ವಿಷಯದಲ್ಲಿ ನಮ್ಮ ದಂಡೆಯವರಿಗೆ ಆಚೆ ಒಂದು ಕೆಟ್ಟ ಹೆಸರಿದೆ. ನಮ್ಮ ಬಾವಿಗಳ ನೀರು ಉಪ್ಪು. ಹುಟ್ಟಿದಾಗಿನಿಂದ ಕುಡಿದ ನಮಗೆ ಗೊತ್ತಾಗೋದಿಲ್ಲ, ಅಡುಗೆಗೆ ಬೇರೆ ಉಪ್ಪು ಹಾಕುವ ರೂಢಿಯೂ ಇಲ್ಲ. ಹಾಗಾಗಿ ನಮ್ಮವರು ಯಾರಿಗೇ ಅಡುಗೆ ಹೇಳಿಕೊಡಲಿ, ಸಾಸಿವೆಯಿಂದ ಕೊತ್ತಂಬರಿಯ ತನಕ ಎಲ್ಲ ಬರುತ್ತದೆ, ಉಪ್ಪಿನ ಮಾತು ಬರೋದಿಲ್ಲ. ಆಚೆ ದಂಡೆಯಲ್ಲಿ ಓದಿ ಬಂದವಳು ನಾನು, ಇದನ್ನು ಹೇಳಿ ನಮ್ಮವರನ್ನು ಬೇಕಾದಷ್ಟು ಆಡಿಕೊಂಡಿದ್ದೇನೆ.

ಹೆಸರಿಡುವ ದಿನ ಬೆಳಗ್ಗೆ ನಾವಿಬ್ಬರೂ ಸೇತುವೆ ದಾಟಿದೆವು. ಮೈಮೇಲೆ ಸೀರೆ, ಅದರ ಮೇಲೊಂದು ಶಾಲು, ಕುಪ್ಪಸ ಗಂಟಿನಲ್ಲಿ. ನೀಲಕ್ಕ ದಾರಿಯಲ್ಲಿ ಮಾತು ಬರೆದು ತೋರಿಸಲು ಪಾಟಿ, ಅಂದರೆ ಸ್ಲೇಟು, ಹಿಡಿದಿದ್ದರು. ನಡುವಿಗೆ ಬರುವಷ್ಟರಲ್ಲಿ ಅದರ ಕಟ್ಟಿಗೆಯ ಚೌಕಟ್ಟು ಕಳಚಿ ಬರೀ ಕಲ್ಲು ಉಳಿಯಿತು. ನಮ್ಮ ಜಡೆಗಳೂ ಬಿಚ್ಚಿ ಗಾಳಿಗೆ ಹಾರಾಡಿದವು. ಇಳಿದಲ್ಲೇ ಮುರಿಗೆಪ್ಪ ಕಾಯುತ್ತಿದ್ದ. ಹೊಸ ಅಂಗಿ, ಕತ್ತಿನ ತನಕ ಗುಂಡಿ. ಅಕ್ಕನ ಕಾಲಿಗೆ ಬಿದ್ದು, ನಮ್ಮ ಕುಪ್ಪಸದ ತುಂಡುಗಳನ್ನು ಇಸಕೊಂಡು ಮಿಷಿನ್ನಿಗೆ ಹಾಕಿದ. ಮಾತಾಡುತ್ತಲೇ ಹೊಲಿದುಕೊಟ್ಟ. ನೀಲಕ್ಕ ಹೊಲಿಗೆ ಎಳೆದು ನೋಡಿ, ತಲೆಯಾಡಿಸಿ, ಅವನ ಕೆನ್ನೆ ತಟ್ಟಿದರು.

ಮನೆಯಲ್ಲಿ ತೊಟ್ಟಿಲು ಸಿದ್ಧವಾಗಿತ್ತು. ಶಶಿಕಲಾಳ ತಾಯಿ ಕಲ್ಲವ್ವ ಹೆಂಗಸರನ್ನೆಲ್ಲ ಕೂಡಿಸಿಕೊಂಡು ಹಾಡು ಶುರು ಮಾಡಿಸಿದ್ದರು. ನೀಲಕ್ಕ ಕೂಸನ್ನೂ ನೋಡದೆ ಮೊದಲು ಕಂಪ್ಯೂಟರಿನ ಮುಂದೆ ಕೂತರು. ಅತ್ತೆ ಬಂದಳು ಅಂತ ದನಿ ಕೇಳಿಯೇ ಕೂಸು ತಿರುಗಬೇಕು ಅನ್ನೋದು ಅವರ ಆಸೆ. ಬರೆದರು. ದೊಡ್ಡ ಸ್ಪೀಕರಿನಲ್ಲಿ, ಚಾವಡಿಯ ಜಮಾದಾರನ ಹಾಗೆ ಒಂದು ಗಂಡು ದನಿ ಹೊರಟಿತು: "ಎಲ್ಲಿದ್ದೀಯೇ ನನ್ನ ಬಂಗಾರಿ."

ಕೂಸು ಕಿರುಚಿಕೊಂಡು ಅತ್ತಿತು. ಹೆಂಗಸರು ಬಿದ್ದು ಬಿದ್ದು ನಕ್ಕರು. ನಾನೂ ನಗುವವಳೇ, ಆದರೆ ನೀಲಕ್ಕನ ಮುಖ ಕಂಡಿತು. ಅವರು ಕೀಲಿಮಣೆಯ ಮೇಲಿಂದ ಬೆರಳು ತೆಗೆದು ಮಡಿಲಲ್ಲಿಟ್ಟುಕೊಂಡಿದ್ದರು. ಪಾಟಿ ತೆಗೆದು ಬರೆದರು: "ಇದು ನನ್ನ ದನಿ ಅಲ್ಲ. ಕಲ್ಲವ್ವ ಹೆಸರಿಡಲಿ."

"ನೀ ಇಡದಿದ್ರ ಕೂಸಿಗೆ ಹೆಸರ ಬ್ಯಾಡ," ಅಂದ ಮುರಿಗೆಪ್ಪ. "ಹಂಗ ಬೆಳೀಲಿ."

"ಚಲೋ ಆತು," ಅಂದಳು ಶಶಿಕಲಾ. "ನಾಳೆ ಸಾಲ್ಯಾಗ ಹಾಜರಿ ಕೂಗುವಾಗ ಮಾಸ್ತರು ಸುಮ್ಕ ಇವಳ ಕಡೆ ಬೆರಳು ತೋರಸ್ತಾರೇನು?"

ಕಲ್ಲವ್ವ ನನ್ನನ್ನು ನೋಡಿದರು. "ಯವ್ವಾ ದಾಕ್ಷಿ, ಹೆಸರಿಡೂ ಹೊತ್ತು ಮಧ್ಯಾಹ್ನದ ಒಳಗ ಐತಿ. ಅಷ್ಟರಾಗ ಏನರ ಮಾಡ್ತಿಯೇನು ನೋಡು. ಅಲ್ಲೀತನಕ ನಾವು ಹಾಡತೀವಿ. ಹಾಡಿಗೇನು, ನನಗ ಬೇಕಾದಷ್ಟ ಬರ್ತಾವು."

ನಾನು ಕೂತೆ. ಮೊದಲು ಮಾಡಿದ ಕೆಲಸ ಬಯ್ಯೋದು. ಆಚೆ ದಂಡೆಯ ಕಂಪ್ಯೂಟರಿನ ತಳಿ ಬೈದೆ, ಬಾಡಿಗೆ ಸ್ಪೀಕರಿನವನನ್ನು ಬೈದೆ, ತಂತಿಯನ್ನು ಬೈದೆ. ಆಮೇಲೆ ಹುಡುಕಿದೆ. ರೆಕಾರ್ಡಿಂಗು ಬಂದಿದೆಯಾ, ಬಂದಿದೆ. ಸರಿಯಾದ ಜಾಗದಲ್ಲಿ ಇದೆಯಾ, ಇದೆ. ಎಲ್ಲಾದರೂ ಕೆಂಪು ಅಕ್ಷರ ಇದೆಯಾ, ಇಲ್ಲ. ಕಟ್ಟುವಾಗ ಮುರಿದಿದ್ದರೆ ಎಲ್ಲಿ ಮುರಿಯಿತು ಅಂತ ಗೊತ್ತಾಗುತ್ತದೆ. ಇದು ನಗುನಗುತ್ತಾ ಕಟ್ಟಿಕೊಂಡು ಬೇರೆಯವನ ದನಿಯಲ್ಲಿ ಮಾತಾಡಿದರೆ ಏನು ಮಾಡೋದು? ನನ್ನ ಮನೆಯಲ್ಲಿ ಇದೇ ಸಾಲುಗಳು, ಇದೇ ಫೈಲು, ನೀಲಕ್ಕನ ದನಿ ಚಿನ್ನದಂತೆ ಬರುತ್ತಿತ್ತು. ಎರಡು ಸಲ ಮತ್ತೆ ಕಟ್ಟಿಸಿದೆ, ಎರಡು ಸಲವೂ ಜಮಾದಾರನೇ ಬಂದ. ನನ್ನಿಂದ ಆಗೋದಿಲ್ಲ ಅಂತ ಹೇಳಿಬಿಡಲೇ ಅನ್ನಿಸಿತು. ನೀಲಕ್ಕ ಗೋಡೆಗೆ ಒರಗಿ ಕೂತಿದ್ದರು. ಕೂಸನ್ನು ಎತ್ತಿಕೊಂಡಿದ್ದರು, ಆದರೆ ಅದರ ಮುಖ ನೋಡುತ್ತಿರಲಿಲ್ಲ.

ನನ್ನ ಸಿಟ್ಟು ಇಳಿಸಲು ಶಶಿಕಲಾ ಒಂದು ಬಟ್ಟಲು ತಂದಿಟ್ಟಳು. "ತಗೋರಿ ದಾಕ್ಷಕ್ಕ, ಕಟ್ಟಿನ ಸಾರು. ನೀಲಕ್ಕ ಹೆಂಗ ಹೇಳಿ ಕಳಿಸಿದ್ರೋ ಹಂಗ ಮಾಡೀನಿ, ಒಂಚೂರೂ ಆಚೀಚಿ ಮಾಡಿಲ್ಲ."

ಒಂದು ಗುಟುಕು ಕುಡಿದೆ. ಬೆಳಗ್ಗಿನಿಂದ ಮೊದಲ ಸಲ ನಗು ಬಂತು. "ನೀಲಕ್ಕಾ, ಉಪ್ಪು ಹೇಳೇ ಇಲ್ಲಲ್ರೀ ನೀವು," ಅಂದೆ. "ನಮ್ಮ ದಂಡಿಯವರದು ಇಷ್ಟ ಹಣೇಬರಹ. ನೀರಾಗ ಇರೂದನ್ನ ಯಾರು ಬರೀಬೇಕು ಅಂತ..."

ಅಲ್ಲಿಗೇ ನಿಂತೆ. ಬಟ್ಟಲು ಕೈಯಲ್ಲೇ ಉಳಿಯಿತು.

ನನ್ನ ನೀರಿನಲ್ಲಿ ಏನಿತ್ತು? ಬಿಡಿ ಬಿಡಿ ಸದ್ದುಗಳನ್ನು ಒಬ್ಬರ ದನಿಯಾಗಿ ಹೊಂದಿಸಲು ಒಂದು ಲೈಬ್ರರಿ ಬೇಕು, ಅಂದರೆ ಬೇರೆಯವರು ಮೊದಲೇ ಬರೆದಿಟ್ಟ ಪ್ರೋಗ್ರಾಮ್ ಸಾಲುಗಳ ಒಂದು ಕಂತೆ. ಅದನ್ನು ನಾನು ಯಾವತ್ತೂ ತಂದವಳಲ್ಲ, ಹಾಕಿಕೊಂಡವಳಲ್ಲ. ಸೇತುವೆ ಕಚೇರಿಯವರು ಈಚೆ ದಂಡೆಯ ಮನೆಮನೆಗೂ ಹಾಕಿಕೊಟ್ಟ ಪ್ರೋಗ್ರಾಮಿನ ಜೊತೆ ಅದು ಮೊದಲೇ ಬಂದು ಕೂತಿತ್ತು. ಇಲ್ಲಿ ಗಂಟೆ ಬಾರಿಸುವವರು, ಇವರ ಕಂಪ್ಯೂಟರಿನಲ್ಲಿ ಅದು ಯಾಕಿರುತ್ತದೆ? ಇಷ್ಟಕ್ಕೇ ಮುಗಿಯಲಿಲ್ಲ ನೋಡಿ. ನನ್ನ ಬಿಲ್ಡ್ ಫೈಲಿನಲ್ಲಿ ನಾನೇ ಬರೆದಿದ್ದೆ, ಆ ಲೈಬ್ರರಿ ಇದ್ದರೆ ತಗೋ, ಇಲ್ಲದಿದ್ದರೆ ಇದ್ದದ್ದರಲ್ಲೇ ನಡೆಸಿಕೊಂಡು ಹೋಗು ಅಂತ. ದೊಡ್ಡ ಔದಾರ್ಯ ನನ್ನದು. ಪಾಪ, ಮುರಿಗೆಪ್ಪನ ಕಂಪ್ಯೂಟರು ಹಾಗೇ ಮಾಡಿತ್ತು. ತನ್ನಲ್ಲಿದ್ದ ಒಂದೇ ದನಿ ಜಮಾದಾರನದು, ಅದನ್ನೇ ಹಾಕಿ ನಡೆಸಿಕೊಂಡು ಹೋಗಿತ್ತು.

"ನೀಲಕ್ಕಾ, ನಾನೂ ಉಪ್ಪು ಬರೆದಿಲ್ಲ," ಅಂದೆ. ಎಲ್ಲ ಬಿಡಿಸಿ ಹೇಳಿದೆ. ಕೇಳುತ್ತ ಕೇಳುತ್ತ ಅವರ ಭುಜ ಕುಣಿಯತೊಡಗಿತು. ಸದ್ದಿಲ್ಲದ ನಗು ಅದು, ಮಡಿಲಲ್ಲಿದ್ದ ಕೂಸೂ ಜೊತೆಗೆ ಕುಣಿಯಿತು. ಪಾಟಿಯ ಮೇಲೆ ಬರೆದು ತೋರಿಸಿದರು: "ನಿನಗ ಚಹಾ ಒಂದ ಬರೂದಿಲ್ಲ ಅನ್ಕೊಂಡಿದ್ದೆ."

ಬೈದರಲ್ಲ, ಜೀವ ಬಂತು. ಫೈಲು ತೆರೆದು, ಇದ್ದರೆ ತಗೋ ಅನ್ನೋದನ್ನು ಅಳಿಸಿ, ಇರಲೇಬೇಕು, ಇಲ್ಲದಿದ್ದರೆ ಅಲ್ಲೇ ನಿಲ್ಲು ಅಂತ ಬರೆದೆ. ಕಟ್ಟಲು ಹಚ್ಚಿದೆ. ಕೆಂಪು ಅಕ್ಷರ ಬಂತು: ಲೈಬ್ರರಿ ಇಲ್ಲ. ಇಷ್ಟು ವರ್ಷದ ಕೆಲಸದಲ್ಲಿ ಕೆಂಪು ಅಕ್ಷರ ಕಂಡು ನಾನು ಖುಷಿಪಟ್ಟದ್ದು ಅದೇ ಮೊದಲು. ಸೇತುವೆ ಕಚೇರಿಗೆ ಫೋನ್ ಮಾಡಿ, ಲೈಬ್ರರಿಯ ಸಾಲುಗಳನ್ನು ತಂತಿಯಲ್ಲಿ ಬಿಡಲು ಹೇಳಿದೆ. ಬಂದವು. ಅದನ್ನು ಮೊದಲು ಕಟ್ಟಿ ಇಟ್ಟೆ, ಆಮೇಲೆ ನನ್ನದನ್ನು ಕಟ್ಟಲು ಹಚ್ಚಿದೆ. ಮತ್ತೆ ಅದೇ ಕೆಂಪು ಅಕ್ಷರ, ಲೈಬ್ರರಿ ಇಲ್ಲ.

"ಕಣ್ಣಮುಂದ ಐತಲ್ಲೇ ಮೂಳಾ," ಅಂದೆ ಕಂಪ್ಯೂಟರಿಗೆ.

ತೊಟ್ಟಿಲ ಹಾಡು ಮುಗಿದು ಎರಡನೆಯದು ಶುರುವಾಗಿತ್ತು. ಕಲ್ಲವ್ವ ಬಾಗಿಲಿನ ಬಿಸಿಲು ನೋಡುತ್ತಿದ್ದರು. ಮುರಿಗೆಪ್ಪ ನನ್ನ ಬೆನ್ನ ಹಿಂದೆ ನಿಂತು, "ಅದು ಮೊದಲ ಒಮ್ಮೆ ಹುಡುಕಿ ಇಲ್ಲ ಅಂದಿತ್ತಲ್ಲಕ್ಕ, ಈಗ ಮತ್ತ ಹುಡುಕ್ತೈತೋ ಇಲ್ಲೋ," ಅಂದ. ನನಗೆ ಹೊಳೆದದ್ದೂ ಅದೇ ಹೊತ್ತಿಗೆ. ಅವನಿಗಿಂತ ಒಂದು ಕ್ಷಣ ಮೊದಲು ಅಂತ ನನ್ನ ನೆನಪು. ಈ ಬಿಲ್ಡ್ ಅನ್ನೋದಕ್ಕೆ ಒಂದು ಚಾಳಿ ಇದೆ. ಒಮ್ಮೆ ಇಲ್ಲ ಅಂತ ಉತ್ತರ ಸಿಕ್ಕರೆ ಅದನ್ನೇ ನೆನಪಿಟ್ಟುಕೊಳ್ಳುತ್ತದೆ, ಎರಡನೇ ಸಲ ಕೇಳೋದೇ ಇಲ್ಲ. ಜಗಳ ಮಾಡಿಕೊಂಡ ಬೀಗರ ಸ್ವಭಾವ. ಹಳೆಯ ನೆನಪೆಲ್ಲ ಇರುವ ಫೋಲ್ಡರನ್ನೇ ಅಳಿಸಿಹಾಕಿ, ಹೊಸದಾಗಿ, ಏನೂ ಗೊತ್ತಿಲ್ಲದವರ ಹಾಗೆ ಮೊದಲಿನಿಂದ ಶುರು ಮಾಡಬೇಕು. ಮಾಡಿದೆ. ಈ ಸಲ ಹುಡುಕಿತು, ಸಿಕ್ಕಿತು ಅಂದಿತು, ಕಟ್ಟಲು ತೊಡಗಿತು. ನೀಲಕ್ಕನ ಸದ್ದುಗಳು ಒಂದೊಂದಾಗಿ ಸೇರಿಕೊಳ್ಳುತ್ತ ಹೋದವು.

ಅದು ಮುಗಿಯುವುದಕ್ಕೂ ಕಲ್ಲವ್ವ "ಇನ್ನ ತಡಾ ಮಾಡಾಕ ಬರೂದಿಲ್ಲ" ಅನ್ನುವುದಕ್ಕೂ ಸರಿಹೋಯಿತು. ಕೂಸನ್ನು ತೊಟ್ಟಿಲಿಗೆ ಹಾಕಿಬಿಟ್ಟರು. ದೊಡ್ಡ ಸ್ಪೀಕರಿನ ಬದಲು ಬೆರಳ ತುದಿಯಷ್ಟು ಸಣ್ಣ ಸ್ಪೀಕರೊಂದನ್ನು ಉದ್ದ ವಯರಿಗೆ ಹಾಕಿ ಕೂಸಿನ ಕಿವಿಯ ಹತ್ತಿರ ಇಟ್ಟೆವು. ಹೆಸರು ಮೊದಲು ಕೂಸಿಗೇ ಕೇಳಬೇಕು, ಅದು ಶಾಸ್ತ್ರ.

"ನೀಲಕ್ಕಾ," ಅಂದೆ ಮೆಲ್ಲಗೆ, "ಆಡಿಸಿ ನೋಡಾಕ ಹೊತ್ತಾಗಿಲ್ಲ. ಯಾವ ದನಿ ಬರ್ತೈತೋ ನನಗೂ ಗೊತ್ತಿಲ್ಲ."

ಅವರು ನನ್ನ ಮುಖ ನೋಡಿದರು. ಪಾಟಿಯ ಮೇಲೆ ಒಂದೇ ಸಾಲು ಬರೆದರು: "ಉಪ್ಪು ಹಾಕೀದಿ?"

"ಹಾಕೀನಿ."

ಕೀಲಿಮಣೆ ಹಿಡಿದು ತೊಟ್ಟಿಲ ಮೇಲೆ ಬಗ್ಗಿದರು. ಆ ಬದಿಗೆ ಮುರಿಗೆಪ್ಪ, ತೊಟ್ಟಿಲ ಹಗ್ಗ ಹಿಡಿದು ಅವನೂ ಬಗ್ಗಿದ್ದ. ನೀಲಕ್ಕನ ಬೆರಳು ಆಡಿದವು. ಅಷ್ಟರಲ್ಲೇ ಹೆಂಗಸರೆಲ್ಲ ಕುರ್ರ್ ಅಂತ ಕೂಗಿ ಅವರ ಬೆನ್ನಿಗೆ ಗುದ್ದತೊಡಗಿದರು. ಕಲ್ಲವ್ವನ ಕೈಯಂತೂ ಒಳ್ಳೇ ಭಾರದ್ದು. ಗದ್ದಲದಲ್ಲಿ ನನಗೆ ಏನೂ ಕೇಳಿಸಲಿಲ್ಲ. ಕೂಸು ಅಳುತ್ತದೋ ಅಂತ ನೋಡಿದೆ. ಅಳಲಿಲ್ಲ, ಆದರೆ ಮಕ್ಕಳನ್ನು ನಂಬಲಾಗುತ್ತದೆಯೇ, ಜಮಾದಾರ ಈಗ ಅಭ್ಯಾಸವಾಗಿರಬಹುದು. ನೀಲಕ್ಕನ ಮುಖ ಕೂದಲಲ್ಲಿ ಮರೆಯಾಗಿತ್ತು. ಜಡೆ ಹಾಕಿಕೊಳ್ಳುವುದನ್ನೇ ನಾವಿಬ್ಬರೂ ಮರೆತಿದ್ದೆವು.

ಆಗ ಮುರಿಗೆಪ್ಪನ ಕೈ ಕಂಡಿತು. ತೊಟ್ಟಿಲ ಹಗ್ಗ ಬಿಟ್ಟು, ಮೆಲ್ಲಗೆ ಮೇಲೆ ಬಂದು, ಕತ್ತಿನ ಹತ್ತಿರದ ಗುಂಡಿ ಬಿಚ್ಚಿತು. ಅವನಿಗೆ ಗೊತ್ತೇ ಇಲ್ಲ. ಇನ್ನೊಂದು ಬಿಚ್ಚಿತು.

ನನಗೆ ಅಳು ಬಂತು, ನಾಚಿಕೆಯಿಲ್ಲದೆ ಅತ್ತೆ. ಶಶಿಕಲಾ ಗಾಬರಿಯಾಗಿ ಏನಾಯ್ತ್ರೀ ಅಂತ ಕೇಳಿದಳು. ಬಂತು, ಅವರ ದನೀನ ಬಂತು ಅಂದೆ. ನಿಮಗ ಹೆಂಗ ಕೇಳಿಸಿತು ಅಂದಳು. ಅವಳ ಗಂಡನ ಬಿಚ್ಚಿದ ಗುಂಡಿಯ ಕಡೆ ಬೆರಳು ತೋರಿಸಿದೆ. ಅವಳು ಆಚೆ ದಂಡೆಯಲ್ಲಿ ಬೆಳೆದವಳು, ಅವಳಿಗೆ ತಿಳಿಯಲಿಲ್ಲ. ಕೂಸಿನ ಹೆಸರು ಪಾರಿಜಾತ ಅಂತ ಆಮೇಲೆ ಎಲ್ಲರಿಗೂ ಹೇಳಿದರು.

ನೀಲಕ್ಕ ಎದ್ದು ನಿಂತು ಬೆನ್ನು ನೇವರಿಸಿಕೊಂಡರು. ತಮ್ಮನನ್ನು ನೋಡಿದರು. ಅವನು ಕಣ್ಣೀರು ಒರೆಸಿಕೊಳ್ಳುವುದೂ ತಿಳಿಯದೆ ನಿಂತಿದ್ದ, ಅಂಗಿ ಎದೆಯ ತನಕ ತೆರೆದಿತ್ತು. ನೀಲಕ್ಕ ಸಣ್ಣ ಸ್ಪೀಕರಿನ ವಯರು ಕಿತ್ತು ದೊಡ್ಡದರದ್ದು ಸಿಕ್ಕಿಸಿದರು, ಬರೆದರು. ನಮ್ಮ ದಂಡೆಯವರಿಗೆಲ್ಲ ಇಡೀ ಆಯುಷ್ಯ ಬಿಚ್ಚಿರಿ ಬಿಚ್ಚಿರಿ ಅಂತ ಹೇಳಿದ ಅದೇ ದನಿ, ಆಚೆ ದಂಡೆಯ ಆ ಮನೆ ತುಂಬ ಕೇಳಿಸಿತು: "ಮುರಿಗ್ಯಾ, ಗುಂಡಿ ಹಾಕ್ಕೋ. ಮಂದಿ ನೋಡಾಕತ್ತಾರ."

ಅವನು ಹಾಕಿಕೊಳ್ಳಲಿಲ್ಲ. ಅಕ್ಕ ಇನ್ನೊಂದು ಸಲ ಹೇಳಲಿ ಅಂತ ಹಾಗೇ ನಿಂತಿದ್ದ.